ಗೂಡಿನ ಬಾಗಿಲು ತೆಗೆದಾಗ

ನೋಡಿ, ಬರೆಯಲು ಕೂತವಳು ಮತ್ತೆ ಎದ್ದು ಹೋಗಿ ಬಂದೆ. ಹಿತ್ತಲಲ್ಲಿ ಹುಂಜ ಕೂಗಿತು, ಅದರ ಹಿಂದೆ ಅತ್ತೆ ಕೂಗಿದರು, ಅವರ ಹಿಂದೆ ಕೂಸು ಕೂಗಿತು. ಬೆಕ್ಕು ಬಂತೆಂದು ಪೊರಕೆ ಹಿಡಿದು ಓಡಿದರೆ, ಒಣಹಾಕಿದ ಲಂಗ ಗಾಳಿಗೆ ಅಲುಗಾಡುತ್ತಿತ್ತು, ಅಷ್ಟೇ.

ಕೋಳಿಗಳನ್ನು ದಿನವಿಡೀ ಗೂಡಿನಲ್ಲಿಟ್ಟರೆ ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತವೆ. ಹೊರಗೆ ಬಿಟ್ಟರೆ ಬೆಕ್ಕು, ನಾಯಿ, ಹದ್ದು ಕಾದಿರುತ್ತವೆ. ಹಾಗಾಗಿ ಹೊತ್ತು ಇಳಿದ ಮೇಲೆ ಸ್ವಲ್ಪ ಹೊತ್ತು ಬಿಡುತ್ತೇನೆ. ಯಾರಾದರೊಬ್ಬರು ಕಾವಲಿರಬೇಕು. ಕತ್ತಲಾಗುತ್ತಿದ್ದಂತೆ ಅವು ತಾವೇ ಬಂದು ಗೂಡು ಸೇರುತ್ತವೆ. ಆ ಸ್ವಲ್ಪ ಹೊತ್ತಿನಲ್ಲಿ ಏನಾದರೊಂದು ನಡೆಯದ ದಿನವಿಲ್ಲ.

ಗಿಲಕಿ

ಕರೆದರೆ ಬರಲಿ ಎಂದು ಕೋಳಿಗಳಿಗೆ ಒಂದು ರೂಢಿ ಮಾಡಿಸಿದೆ. ತಗಡಿನ ಡಬ್ಬಿಯಲ್ಲಿ ಜೋಳ ಹಾಕಿ ಗಲಗಲ ಅಲ್ಲಾಡಿಸುವುದು, ಬಂದರೆ ಒಂದು ಹಿಡಿ ಚೆಲ್ಲುವುದು. ಬೇಗನೆ ಕಲಿತವು. ನನ್ನ ಗಂಡ ಇನ್ನೂ ಕಲಿತಿಲ್ಲ.

ಒಂದು ದಿನ ನಾನು ನಳದ ನೀರು ತುಂಬುತ್ತಿದ್ದಾಗ ತೊಟ್ಟಿಲಲ್ಲಿ ಕೂಸು ಅಳತೊಡಗಿತು. ಅತ್ತೆ ಕೂಸಿನ ಆಟದ ಗಿಲಕಿ ಹಿಡಿದು ಜೋರಾಗಿ ಅಲ್ಲಾಡಿಸಿದರು. ಹಿತ್ತಲ ಕೋಳಿಗಳೆಲ್ಲ ಅಡುಗೆಮನೆ ದಾಟಿ, ರೊಟ್ಟಿ ಬುಟ್ಟಿ ಉರುಳಿಸಿ, ತೊಟ್ಟಿಲ ಸುತ್ತ ಬಂದು ನಿಂತವು. ಹುಂಜ ತೊಟ್ಟಿಲ ಅಂಚಿನ ಮೇಲೇ ಕೂತಿತು. ಕೂಸು ಅಳು ಮರೆತು ಬಾಯಿ ತೆರೆದುಕೊಂಡು ನೋಡಿತು. ಅವನ್ನು ಓಡಿಸಲು ಅತ್ತೆ ಗಿಲಕಿಯನ್ನು ಇನ್ನೂ ಜೋರಾಗಿ ಅಲ್ಲಾಡಿಸಿದರು.

“ಅತ್ತಿ, ಮೊದ್ಲ ಅದನ್ನ ಕೆಳಗ ಇಡ್ರಿ!” ಎಂದು ಚೀರಿದೆ.

“ಹೆಂಗ ಇಡ್ಲಿ? ಇಟ್ರ ಕೂಸು ಅಳತೈತಿ, ಇಡದಿದ್ರ ಇವು ಜೋಳ ಎಲ್ಲೈತಿ ಅಂತ ನನ್ನ ಮಾರಿ ನೋಡಾಕ ಹತ್ಯಾವು!”

ಕಾವಲಿಗೆ ಗಂಡ

ನನ್ನ ಗಂಡ ಗ್ರಾನೈಟ್ ಪಾಲಿಶ್ ಕೆಲಸದವರು. ಸಂಜೆ ಬರುವಾಗ ಹುಬ್ಬಿನವರೆಗೂ ಕಲ್ಲಿನ ಪುಡಿ. ಒಮ್ಮೆ ನನಗೆ ಪುರುಸೊತ್ತಿಲ್ಲದೆ, “ಒಂದೀಟ ಕೋಳಿ ಕಾಯ್ರಿ” ಎಂದೆ. ಮೈ ತೊಳೆಯದೆ ಹಾಗೇ ಹಿತ್ತಲಿಗೆ ಹೋದರು. ಆ ಬೆಳ್ಳಗಿನ ಆಕಾರ ಕಂಡು ಕೋಳಿಗಳು ಕಿರುಚಾಡುತ್ತ ಗೋಡೆ ಹಾರಿದವು. ಬೆಕ್ಕು ಬಂದಾಗಲೂ ಹಾಗೆ ಹಾರಿರಲಿಲ್ಲ. ಅವರು ಸ್ನಾನ ಮಾಡಿ ಬಂದು ಡಬ್ಬಿ ಅಲ್ಲಾಡಿಸಿದ ಮೇಲೆಯೇ ಒಂದೊಂದಾಗಿ ಇಳಿದು ಬಂದವು.

“ಕೋಳಿಗಿ ಏನ ಬುದ್ಧಿ ಇರ್ತೈತಿ ಬಿಡು” ಎಂದರು.

“ಇದ್ದದ್ದಕ್ಕ ಓಡ್ಯಾವ್ರಿ. ನನಗೂ ಇದ್ದಿದ್ರ ಮದವ್ಯಾಗ ಅಕ್ಕಿಕಾಳ ಬೀಳೂಕಿಂತ ಮೊದ್ಲ ಗ್ವಾಡಿ ಹಾರ್ತಿದ್ದೆ.”

ಅತ್ತೆ ಸೆರಗಿನಲ್ಲಿ ನಕ್ಕರು. ಗಂಡ ನಗಲಿಲ್ಲ. “ಇನ್ನ ಮ್ಯಾಲ ಒಂದ ಕೋಳಿ ತಪ್ಪಿಸ್ಕೊಂಡ್ರೂ ಎಲ್ಲಾನೂ ಅಮೀನಗಡದ ಸಂತಿಗಿ ಒಯ್ತೇನಿ” ಎಂದುಬಿಟ್ಟರು.

ಅದನ್ನು ಕೇಳಿದ ಮಗಳು ಜೋಳದ ಡಬ್ಬಿಯನ್ನು ತಬ್ಬಿಕೊಂಡೇ ಮಲಗಿದಳು.

ಚುಕ್ಕಿ

ಮಗಳು ಒಂದನೆಯ ತರಗತಿ. ಕುಂಟುತ್ತಿದ್ದ ಒಂದು ಮರಿಯನ್ನು ಅಂಗೈಯಲ್ಲಿಟ್ಟು ಬೆಳೆಸಿದವಳು ಅವಳೇ. ಮೈತುಂಬ ಬಿಳಿ ಚುಕ್ಕೆ ಎಂದು ಚುಕ್ಕಿ ಅಂತ ಹೆಸರಿಟ್ಟಳು. ಈಚೆಗೆ ಆ ಚುಕ್ಕಿ ಗೂಡಿನಲ್ಲಿ ತತ್ತಿ ಇಡುವುದನ್ನೇ ನಿಲ್ಲಿಸಿತ್ತು. “ತತ್ತಿ ಇಡಲಾರದ ಕೋಳಿ ಸಾರಿಗಾದ್ರೂ ಬರತೈತಿ” ಎಂದು ಅತ್ತೆ ಮಸಾಲೆ ಲೆಕ್ಕ ಹಾಕತೊಡಗಿದ್ದರು.

ಒಂದು ಸಂಜೆ ಎಲ್ಲ ಕೋಳಿಗಳೂ ಗೂಡು ಸೇರಿದವು, ಚುಕ್ಕಿ ಮಾತ್ರ ಬರಲಿಲ್ಲ. ಡಬ್ಬಿ ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋತಿತು. ಮಗಳು ರೊಟ್ಟಿ ಮುಟ್ಟಲಿಲ್ಲ. ಗಂಡ, “ನಾಳಿ ಸಂತಿ ಐತಿ” ಎಂದಷ್ಟೇ ಹೇಳಿ ಬೈಕಿಗೆ ದೊಡ್ಡ ಬುಟ್ಟಿ ಕಟ್ಟಿಟ್ಟರು.

ಪಕ್ಕದ ಮನೆಯ ಅಜ್ಜಿ ಸೀರೆ ನೇಯುವವರು. ಕೆಳಗೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗ ಅವರದು. ಲಿಂಗಪೂಜೆ ಮಾಡಿಯೇ ನೀರು ಕುಡಿಯುವವರು, ತತ್ತಿಯನ್ನು ಕೈಯಿಂದ ಮುಟ್ಟುವವರಲ್ಲ. “ನಮ್ಮ ಚುಕ್ಕೀನ ನೋಡೀರೇನ್ರಿ, ಅಜ್ಜಿ?” ಎಂದು ಕೇಳಿದರೆ, “ಬೆಕ್ಕಂತೂ ಒಯ್ದಿಲ್ಲ. ಹುಡುಗಿಗಿ ಅಳಬ್ಯಾಡ ಅನ್ನವಾ” ಎಂದು ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಸೀರೆ ಅಂಗಡಿಯ ಸಾಹುಕಾರರು ಅಜ್ಜಿಯ ಬಾಗಿಲಿಗೆ ಬಂದಿದ್ದರು. ಕೂಸನ್ನು ಎತ್ತಿಕೊಂಡು ನಾನೂ ಹೊರಗೆ ನಿಂತಿದ್ದೆ.

“ಮಗ್ಗದ ಸಪ್ಪಳನ ಇಲ್ಲಲ್ಲ, ಅಮ್ಮಾರ? ಸೀರಿ ಯಾವಾಗ?”

“ಮನ್ಯಾಗ ಬಾಣಂತಿ ಅದಾಳಪ್ಪಾ. ಅಕಿ ಏಳೂತನಕ ಸೀರಿ ಇಲ್ಲ.”

“ಯಾರ್ರಿ ಬಾಣಂತಿ?”

“ಬಾಜೂ ಮನಿಯಾಕಿ.”

ಸಾಹುಕಾರರು ತಿರುಗಿ ನನ್ನನ್ನು ನೋಡಿದರು, ಕಂಕುಳಲ್ಲಿದ್ದ ಕೂಸನ್ನು ನೋಡಿದರು. “ಇಷ್ಟ ಲಗೂನ ಮತ್ತೊಂದೇನವಾ?”

“ನನ್ನ ಕೇಳ್ಲಾರ್ದ ನಾ ಹೆಂಗ ಹಡಿಲ್ರಿ!” ಎನ್ನುತ್ತ ಒಳಗೆ ನುಗ್ಗಿದೆ. ಹಿಂದೆಯೇ ಮಗಳು, ಅತ್ತೆ, ಗಂಡ.

ಅರ್ಧ ನೇಯ್ದ ಸೀರೆಯ ಕೆಳಗೆ, ಅಜ್ಜಿ ಕಾಲಿಡುವ ಕುಣಿಯಲ್ಲಿ, ಮೈಯುಬ್ಬಿಸಿಕೊಂಡು ಚುಕ್ಕಿ ಕಾವಿಗೆ ಕೂತಿತ್ತು. ಅಡಿಯಲ್ಲಿ ತತ್ತಿಗಳು. ಮುಂದೆ ಬಟ್ಟಲಲ್ಲಿ ನೀರು, ಚೂರು ಮಾಡಿದ ರೊಟ್ಟಿ.

“ನಿನ್ನಿ ಕೇಳಿದಾಗನ ಹೇಳೂದಲ್ಲೇನ್ರಿ, ಅಜ್ಜಿ!”

“ಹೆಂಗ ಹೇಳ್ಲೆವಾ? ಇಷ್ಟ ದಿನ ಕುಣಿ ಮೂಲ್ಯಾಗ ಒಂದೊಂದ ಇಟ್ಟ ಹೋಗ್ತಿತ್ತು. ನಾ ಮುಟ್ಟಾಕಿ ಅಲ್ಲ, ಕಾಲ ಸರಿಸ್ಕೊಂಡ ನೇದೆ. ನಿನ್ನಿ ಏಳಲೇ ಇಲ್ಲ. ಗ್ವಾಡಿ ಆಚಿ ನೋಡಿದ್ರ ನಿಮ್ಮ ಮನ್ಯಾಗ ಸಾರಿನ ಮಾತ. ಕಾವ ಕುಂತಾಕಿನ್ನ ಎಬ್ಸಾಕ ನನ್ನ ಜೀವ ಒಪ್ಪಲಿಲ್ಲ.”

ಅತ್ತೆ ತಲೆ ತಗ್ಗಿಸಿದರು. ಕೋಳಿ ಕಳೆದಿಲ್ಲವೆಂದ ಮೇಲೆ ಗಂಡ ಹೊರಗೆ ಹೋಗಿ ಬೈಕಿನ ಬುಟ್ಟಿ ಬಿಚ್ಚಿದರು. ತತ್ತಿ ಒಡೆದು ಮರಿ ಬರುವವರೆಗೂ ಕಾಯುತ್ತೇನೆಂದು ಸಾಹುಕಾರರೂ ಒಪ್ಪಿದರು. ಎಲ್ಲ ಸರಿಹೋಯಿತು ಎನ್ನುವಾಗ, ಕುಣಿಯ ಅಂಚಿನಲ್ಲಿ ಕೂತಿದ್ದ ಮಗಳು ತಲೆ ಎತ್ತಿದಳು.

“ಯವ್ವಾ, ಬೆಕ್ಕು ತತ್ತಿ ತಿಂತೈತಿ ಅಂತ ಗೂಡಿಗಿ ಜಾಳಗಿ ಹಾಕಿದ್ವಿ. ಹದ್ದು ಕೋಳಿ ತಿಂತೈತಿ ಅಂತ ಕಾವಲ ಕುಂತ್ವಿ. ಎರಡೂ ನಾವೂ ತಿಂತೀವಲ್ಲ? ಮತ್ತ ಚುಕ್ಕಿ ಯಾರಿಗಿ ಅಂಜಿ ಇಲ್ಲಿಗಿ ಬಂದೈತಿ?”

ನಾನು ಅತ್ತೆಯನ್ನು ನೋಡಿದೆ, ಅತ್ತೆ ಮಗ್ಗವನ್ನು ನೋಡಿದರು. ಕೂಸಾದರೂ ಅತ್ತಿದ್ದರೆ ಹೊರಗೆ ಹೋಗಬಹುದಿತ್ತು. ದಿನವಿಡೀ ಕೂಗಾಡುವ ನಮ್ಮ ಮನೆಯವರಲ್ಲಿ ಆಗ ಮಾತ್ರ ಯಾರೂ ನನ್ನನ್ನು ಕರೆಯಲಿಲ್ಲ.