ಆಕಳಿಸಿದಲ್ಲಿ ಪೆನ್ಸಿಲ್ ಗುರುತು

ಕಾದಂಬರಿಕಾರನಾಗ ಹೊರಟವನಿಗೆ ಹೆಂಡತಿಯ ನಿದ್ದೆಯೇ ಮೊದಲ ಶತ್ರು ಎಂಬ ಮಾತು, ಹೊಸ ಲೇಖಕರಿಗೆ ಸಲಹೆ ಕೊಡುತ್ತದೆಂದು ನಾನು ಕೊಂಡು ತಂದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದಿಷ್ಟು: ದಿನಕ್ಕೊಂದು ಪುಟ ತಪ್ಪದೆ ಬರೆಯಿರಿ, ಬರೆದದ್ದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಆಕಳಿಸಿದಲ್ಲಿ ಪೆನ್ಸಿಲ್ ಗುರುತು ಹಾಕಿ, ಆ ಭಾಗವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ.

ನಮ್ಮ ಮನೆಯವರೆಂದರೆ ಒಬ್ಬಳೇ, ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಂದು ಮಲಗುತ್ತಾಳೆ. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ, ಹತ್ತಕ್ಕೆ ಹೊರಡುವವನು. ನಡುವಿನ ಎರಡು ಗಂಟೆಗಳಲ್ಲಿ ಒಂದನ್ನು ಸಾಹಿತ್ಯಕ್ಕೆ ಮೀಸಲಿಟ್ಟು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ನನ್ನ ಮಹಾಕಾದಂಬರಿಯ ಪಾರಾಯಣ ಶುರುಮಾಡಿದೆ. ಮೊದಲ ಹನ್ನೊಂದು ಪುಟ ಪಂಪ್‌ಹೌಸಿನ ವರ್ಣನೆ. (ಸುಮ್ಮನೆ ಅಲ್ಲ ಸ್ವಾಮಿ, ಒಂದೊಂದು ವಾಲ್ವನ್ನೂ ಕಣ್ಣಾರೆ ಕಂಡು ಬರೆದದ್ದು.) ಎರಡನೇ ವಾಲ್ವಿಗೇ ಗೊರಕೆ.

ಮರುದಿನವೂ ಅಷ್ಟೆ. ತಿಂಗಳಿಡೀ ಅಷ್ಟೆ. ಪೆನ್ಸಿಲ್ ಸವೆದು ಹಿಡಿಯಲು ಸಿಗದಂತಾಯಿತು.

"ಸಾಹಿತ್ಯ ಅಂದ್ರೆ ನಿನಗೆ ಇಷ್ಟು ತಾತ್ಸಾರನಾ?"

"ಅಯ್ಯೋ, ಕೇಳಿಸ್ಕೊಂಡೆ ರೀ. ವಾಲ್ವು ತುಂಬಾ ಚೆನ್ನಾಗಿತ್ತು," ಎಂದಳು ಕಣ್ಣುಜ್ಜಿಕೊಳ್ಳುತ್ತಾ.

ನನಗೆ ರೋಷ ಉಕ್ಕಿತು. ಕತ್ತರಿ ಆಡಿಸಿಯೇಬಿಟ್ಟೆ. ಪಂಪ್‌ಹೌಸು ರದ್ದಿ ಬುಟ್ಟಿಗೆ ಬಿತ್ತು. ಹೊಸದಾಗಿ ಬರೆದ ಕತೆಯ ಮೊದಲ ಸಾಲಿನಲ್ಲೇ, ಊರಿಗೆ ನೀರು ಬಿಡುವ ವಾಟರ್‌ಮ್ಯಾನ್ ನಾಪತ್ತೆಯಾದ. ಅಧ್ಯಾಯದ ಕೊನೆಗೆ ಯಾರೋ ಬಾಗಿಲು ತಟ್ಟಿದರು. ಓದಿ ತಲೆಯೆತ್ತಿದರೆ, ಹೆಂಡತಿ ದಿಂಬು ಅಪ್ಪಿಕೊಂಡು ಎದ್ದು ಕೂತಿದ್ದಾಳೆ!

"ಯಾರ್ರೀ ಬಾಗಿಲು ತಟ್ಟಿದ್ದು?"

"ನಾಳೆ ಗೊತ್ತಾಗುತ್ತೆ," ಎಂದು ಗತ್ತಿನಿಂದ ಕಚೇರಿಗೆ ಹೊರಟೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾಲ್ಕು ದಿನ ನನ್ನ ದಿಗ್ವಿಜಯ ನಡೆಯಿತು. ಐದನೇ ಬೆಳಿಗ್ಗೆ ಅವಳು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು ಹಾಕಿಕೊಂಡು ಬಂದಳು. ಕಣ್ಣಿನ ಕೆಳಗೆ ಕಪ್ಪಿಟ್ಟಿತ್ತು. ಮಂಚದ ಅಂಚಿನಲ್ಲಿ ಕೂತಳು.

"ಬೇಜಾರು ಮಾಡ್ಕೋಬೇಡಿ. ಎರಡು ವರ್ಷದ ಹಿಂದೆ ನೈಟ್ ಡ್ಯೂಟಿ ಶುರುವಾದಾಗಿಂದ ನನಗೆ ಹಗಲು ನಿದ್ದೇನೇ ಇರಲಿಲ್ಲ. ವಾರ್ಡಿನವರ ನರಳಾಟ ಕಿವೀಲೇ ಇರ್ತಿತ್ತು. ನೀವು ಪಂಪ್‌ಹೌಸ್ ಓದೋಕೆ ಶುರು ಮಾಡಿದ್ಮೇಲೇ ನಾನು ಕಣ್ತುಂಬ ನಿದ್ದೆ ಮಾಡಿದ್ದು. ಈಗ ಮತ್ತೆ ಇಲ್ಲ. ನಿನ್ನೆ ಔಷಧಿ ಟ್ರೇ ಹಿಡ್ಕೊಂಡು ನಿಂತಲ್ಲೇ ತೂಕಡಿಸಿದೆ, ಭಯ ಆಯ್ತು. ಹಳೇದನ್ನೇ ಓದ್ರೀ."

ಲೇಖಕನಿಗೆ ಇದಕ್ಕಿಂತ ಅವಮಾನ ಬೇಕೆ? ಆದರೆ ಎರಡು ವರ್ಷ ಅವಳು ಹಗಲೆಲ್ಲ ಮಗ್ಗುಲು ಬದಲಿಸಿದ್ದು, ಒಂದು ವಾಲ್ವನ್ನೂ ಬಿಡದೆ ಗಮನಿಸಿದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಪಂಪ್‌ಹೌಸನ್ನು ಬುಟ್ಟಿಯಿಂದ ಹೆಕ್ಕಿ ತಂದು ಓದಿದೆ. ಸ್ವಲ್ಪ ಹೊತ್ತಿಗೆ ಅವಳ ಕೈ ನನ್ನ ಮೊಣಕಾಲ ಮೇಲೆ ಭಾರವಾಗಿ ಬಿತ್ತು. ಕಚೇರಿಗೆ ತಡವಾಗುತ್ತಿದ್ದರೂ ಏಳಲಿಲ್ಲ.

ಮೊನ್ನೆ ಬಂದವಳೇ, "ರೀ, ಆ ಹನ್ನೊಂದು ಪುಟದ್ದು ಇನ್ನೊಂದು ಪ್ರತಿ ಬೇಕಿತ್ತು," ಎಂದಳು. "ವಾರ್ಡಲ್ಲಿ ಒಬ್ರು ಅಜ್ಜ ಇದ್ದಾರೆ. ಆಪರೇಷನ್ ಆಗಿದೆ, ಮಾತ್ರೆ ಕೊಟ್ರೂ ನಿದ್ದೆ ಇಲ್ಲ."

ನನ್ನ ಕೃತಿಯನ್ನು ಕೇಳಿ ಪಡೆಯುವವರು ಜನ್ಮದಲ್ಲಿ ಮೊದಲ ಬಾರಿಗೆ ಸಿಕ್ಕಿದ್ದರು! ದುಂಡಗೆ ನಕಲು ಮಾಡಿ, ಕೊನೆಗೆ ಸೊಗಸಾದ ಸಹಿಯನ್ನೂ ಹಾಕಿ ಕೊಟ್ಟೆ. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಕಾದು ನಿಂತೆ.

"ಏನಂದ್ರು ಅಜ್ಜ?"

"ಮೂರನೇ ಪುಟಕ್ಕೆ ಅಜ್ಜ ಮಲಗಿದ್ರು, ಐದಕ್ಕೆ ಇಡೀ ವಾರ್ಡು," ಎಂದು ನನ್ನ ಕೆನ್ನೆ ತಟ್ಟಿದಳು. "ನಿಮ್ಮ ಸಹಿ ತನಕ ಮಾತ್ರ ಇನ್ನೂ ಯಾರೂ ಹೋಗಿಲ್ಲ ರೀ."