ಪ್ಲಾಸ್ಟಿಕ್ ಬಿಚ್ಚದ ಮೋಟರ್

ನಗಬೇಕೆಂದರೆ ಟಿವಿ ಹಚ್ಚಬೇಕಿಲ್ಲ. ಹುನಗುಂದದ ಕಡೆ, ಯುವಜನರನ್ನು ಉದ್ಧಾರ ಮಾಡಲೆಂದು ತೆರೆದ ತರಬೇತಿ ಕೇಂದ್ರವೊಂದರಲ್ಲಿ ಮಾಸ್ತರಿಕೆ ಮಾಡಿದರೆ ಸಾಕು. ನಾನು ಅಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ಸಂಬಳದ ಮಟ್ಟಿಗೆ ಖರೆ.

೧. ಪೂಜೆಯ ಮೋಟರ್

ಕೇಂದ್ರಕ್ಕೆ ಬಂದ ಹೊಸ ಮೋಟರಿನ ಪ್ಲಾಸ್ಟಿಕ್ಕನ್ನು ನಮ್ಮ ಮುಖ್ಯಸ್ಥರು ಬಿಚ್ಚಗೊಡಲಿಲ್ಲ. ಆಯುಧ ಪೂಜೆಗೆ ಪ್ಲಾಸ್ಟಿಕ್ಕಿನ ಮೇಲೆಯೇ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಸಿದರು. ನಾನು ಬೋರ್ಡಿನ ಮೇಲೆ ಮೋಟರಿನ ಚಿತ್ರ ಬರೆದು ಪಾಠ ನಡೆಸಿದೆ.

ಇಳಕಲ್ಲಿನಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. ಕೋರ್ಸ್ ಮುಗಿದ ಮೇಲೆ ನೌಕರಿ ಸಿಗದಿದ್ದರೆ ಅಕ್ಕನ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತಿದ್ದಲು ಕೂಡಬೇಕೆಂದು ಅವಳಪ್ಪ ತಾಕೀತು ಮಾಡಿದ್ದ. ಅವಳು ನೆಟ್ಟಗೆ ಮುಖ್ಯಸ್ಥರ ಹತ್ತಿರವೇ ಹೋದಳು.

“ಸರ್, ಒಮ್ಮೆರೆ ಬಿಚ್ಚಿ ನೋಡೂಣ್ರಿ.”

“ಬಿಚ್ಚಿ ಕೆಟ್ರ ರಿಪೇರಿ ಮಾಡವ್ರು ಯಾರವಾ?” ಎಂದರು, ಮೋಟರ್ ರಿಪೇರಿ ಕೇಂದ್ರದ ಮುಖ್ಯಸ್ಥರು.

೨. ಗೋಡೆಯಾಚೆಯ ಸದ್ದು

ಬಾಗಲಕೋಟೆಯಿಂದ ಸಾಹೇಬರು ತಪಾಸಣೆಗೆ ಬಂದರು. ಮುಖ್ಯಸ್ಥರು ಗೋಡೆಯಾಚೆಯ ಹಿಟ್ಟಿನ ಗಿರಣಿಯವನಿಗೆ ಮೊದಲೇ ಹೇಳಿಟ್ಟಿದ್ದರು. ಸಾಹೇಬರಿಗೆ ಅಂಗಳದಲ್ಲೇ ಹಾರ ಹಾಕಿ ಕೂಡಿಸಿದ್ದೇ ತಡ, ಗಿರಣಿ ಗುಡುಗುಡು ಶುರುವಾಯಿತು.

“ಮೋಟರ್ ಭಾಳ ಚಂದ ನಡ್ಯಾಕತ್ತೈತಿ,” ಎಂದರು ಸಾಹೇಬರು. “ಆದ್ರ ಜ್ವಾಳದ ಹಿಟ್ಟಿನ ವಾಸನಿ ಯಾಕ ಬರತೈತ್ರಿ?”

“ಹೊಸಾದಲ್ರಿ ಸಾಹೇಬ್ರ, ಬಿಸಿ ಆದ್ರ ಹಂಗ,” ಎಂದರು ಮುಖ್ಯಸ್ಥರು.

ಸಾಹೇಬರು ತಲೆಯಾಡಿಸಿದರು. ಅವರು ಇಂಜಿನಿಯರಿಂಗ್ ಓದಿದವರು.

೩. ಉದ್ಯೋಗ ಮೇಳ

ಕೋರ್ಸ್ ಮುಗಿಯಿತು. ಬಾಗಲಕೋಟೆಯ ನವನಗರದಲ್ಲಿ ನಡೆದ ಉದ್ಯೋಗ ಮೇಳಕ್ಕೆ ಎಲ್ಲರನ್ನೂ ನಾನೇ ಕರೆದುಕೊಂಡು ಹೋದೆ. ಪಂಪ್ ಕಂಪನಿಯವನು ಇಳಕಲ್ಲಿನ ಹುಡುಗಿಯನ್ನು ಕೇಳಿದ: “ಮೋಟರ್ ಬಿಚ್ಚಿ ಜೋಡಿಸಿದ ಅನುಭವ ಐತೇನು?”

“ಇಲ್ರಿ. ಚಿತ್ರ ಮಾತ್ರ ಭಾಳ ಚಂದ ತೆಗೀತೀನಿ.”

“ಅನುಭವ ಇದ್ದವ್ರಿಗಷ್ಟ ಕೆಲ್ಸ.”

“ಕೆಲ್ಸಾನ ಕೊಡಲಿಲ್ಲಂದ್ರ ಅನುಭವ ಎಲ್ಲಿಂದ ತರ್ಲಿರಿ?”

“ಅದನ್ನ ನಮಗೂ ಯಾರೂ ಹೇಳಿಲ್ಲವಾ. ಮುಂದಿನವ್ರು ಬರ್ರಿ.”

ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೆ ಆ ಕಂಪನಿಯವನ ಮೇಲೆ ಸಿಟ್ಟು ಬಂತು, ನಮ್ಮ ಮೋಟರಿನ ಮೇಲೆ ಇನ್ನೂ ಹೆಚ್ಚು ಬಂತು. ಕೊನೆಗೆ ಮೂಲೆಯ ಟೇಬಲ್ಲಿನವರೊಬ್ಬರು ಅವಳ ಮಾತಿನ ಜೋರು ಮೆಚ್ಚಿ, ಫೋನಿನಲ್ಲಿ ಮಾತಾಡುವ ನೌಕರಿ ಕೊಟ್ಟರು. ಏನು ಮಾತಾಡುವುದು ಅಂತ ಅವತ್ತು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

೪. ಗ್ಯಾರಂಟಿ

ಮೊನ್ನೆ ಊಟಕ್ಕೆ ಕೂತಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ದನಿ ಅವಳದೇ, ಕನ್ನಡ ಮಾತ್ರ ಕಂಪನಿ ಕಲಿಸಿದ್ದು.

“ನಮಸ್ಕಾರ. ಉಚಿತ ಮೋಟರ್ ರಿಪೇರಿ ತರಬೇತಿಗೆ ಸೇರಲು ನಿಮಗೆ ಆಸಕ್ತಿ ಇದೆಯೇ? ತರಬೇತಿ ಮುಗಿದ ಕೂಡಲೇ ನೌಕರಿ ಗ್ಯಾರಂಟಿ.”

“ಏ ತಂಗಿ, ನಾನು, ನಿಮ್ಮ ಮಾಸ್ತರ!”

“ಅಯ್ಯ, ನೀವೇನ್ರಿ ಸರ್! ನಮ್ಮ ಕೇಂದ್ರಕ್ಕನ ಮಂದಿ ಕೂಡ್ಸಾಕ ಹಚ್ಯಾರ್ರಿ ನನ್ನ.”

“ಅಲ್ಲವಾ, ಅಲ್ಲಿ ಕಲಿತ್ರ ನೌಕರಿ ಸಿಗತೈತಿ ಅಂತ ಯಾವ ಬಾಯಿಲೆ ಹೇಳ್ತಿ?”

“ಖರೇನ ಹೇಳಾಕತ್ತೀನ್ರಿ ಸರ್,” ಎಂದಳು. “ನನಗ ಸಿಕ್ಕಿಲ್ಲೇನು?”