ಮೂವತ್ತೊಂದು ವರ್ಷದ ಪೀಶಕತ್ತಿ

ಬೆಳಿಗ್ಗೆ ಆರೂವರೆಗೆ ಅಂಗಿ ತೊಟ್ಟು ಬಲಗಿಸೆಗೆ ಕೈ ಹಾಕಿದ ಧರ್ಣಪ್ಪನಿಗೆ ಕಿಸೆಯ ತಳ ಸಿಕ್ಕಿತು. ಮೂವತ್ತೊಂದು ವರ್ಷಗಳಲ್ಲಿ ಅವನ ಬೆರಳು ಆ ತಳವನ್ನು ಮುಟ್ಟಿದ್ದು ಅದೇ ಮೊದಲು. ಅಲ್ಲಿ ಪೀಶಕತ್ತಿ ಇರಬೇಕಿತ್ತು. ಇರಲಿಲ್ಲ.

ಧರ್ಣಪ್ಪ ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. ಜನರನ್ನು ಹತ್ತಿಸುವುದು, ಪಾರ್ಸೆಲ್ ಕಟ್ಟಿಸುವುದು, ತಡವಾದ ಬಸ್ಸಿಗಾಗಿ ಜನರಿಂದ ಬೈಸಿಕೊಳ್ಳುವುದು, ಇಷ್ಟು ಅವನ ಉದ್ಯೋಗ. ೧೯೩೦ರಲ್ಲಿ ಕೆಲಸಕ್ಕೆ ಸೇರಿದ ವಾರವೇ ಕಾರ್ಕಳದಲ್ಲಿ ಆ ಮಡಚುವ ಪೀಶಕತ್ತಿ ಕೊಂಡಿದ್ದ. ಕೋಡಿನ ಹಿಡಿ, ಎರಡೂ ತುದಿಗೆ ಹಿತ್ತಾಳೆಯ ಪಟ್ಟಿ, ಬೆರಳುದ್ದದ ಅಲಗು. ಈಗ ೧೯೬೧. ಈ ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಧರ್ಣಪ್ಪನ ಹಲ್ಲು ನಾಲ್ಕು ಹೋದವು, ಪೀಶಕತ್ತಿ ಮಾತ್ರ ಬಲಗಿಸೆಯಲ್ಲೇ ಉಳಿಯಿತು. ದರ್ಜಿ ಮಜೀದ್ ಬ್ಯಾರಿ ಅವನ ಅಂಗಿ ಹೊಲಿಯುವಾಗ ಆ ಕಿಸೆಗೆ ಕೇಳದೆಯೇ ಎರಡು ಪದರ ಬಟ್ಟೆ ಹಾಕುತ್ತಿದ್ದ.

ಕಿಸೆಯಲ್ಲೇ ಉಳಿಯಿತು ಎಂದದ್ದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಹಗಲಿಡೀ ಅದು ಬಸ್ ಸ್ಟ್ಯಾಂಡಿನ ತುಂಬ ಓಡಾಡುತ್ತಿತ್ತು. ರಾತ್ರಿ ಮಲಗಲಿಕ್ಕೆ ಮಾತ್ರ ಕಿಸೆಗೆ ಬರುತ್ತಿತ್ತು. ಅದರಲ್ಲೂ ಒಂದು ಕ್ರಮ ಉಂಟು. ನಮ್ಮ ಕಡೆ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಏಜೆಂಟರ ಕೋಣೆಯ ಮುಂದಿನ ಬೆಂಚು ಇದಕ್ಕೆಂದೇ ಇದ್ದಂತಿತ್ತು. ಒಳ್ಳೆಯ ಕ್ರಮವೇ ಸರಿ, ಆದರೆ ಕತ್ತಿ ಕಾಣೆಯಾದ ದಿನ ನೋಡಿದರೆ ಅದನ್ನು ಯಾರೂ ಯಾರಿಗೂ ಕೊಟ್ಟಿರುವುದಿಲ್ಲ.

ಬೇರೆ ದಿನವಾಗಿದ್ದರೆ ಧರ್ಣಪ್ಪ ಇಷ್ಟು ಬೆವರುತ್ತಿರಲಿಲ್ಲ. ಅಂದು ಮಧ್ಯಾಹ್ನ ಮೂರಕ್ಕೆ ಬಂಟ್ವಾಳದಿಂದ ಹೋಟೆಲಿನ ಶೀನಪ್ಪನವರು ಮಗನಿಗೆ ಹೆಣ್ಣು ನೋಡಲು ಬರುವವರಿದ್ದರು. ಮಗ ಶಾಲೆಯ ಮೇಷ್ಟ್ರು, ಸಾಧು. ಅಪ್ಪ ಅಷ್ಟು ಸಾಧುವಲ್ಲ. ಹಿಂದೊಮ್ಮೆ ಒಂದು ಸಂಬಂಧ ಮಾತುಕತೆ ಮುಗಿದು ವೀಳ್ಯದವರೆಗೆ ಬಂದಿತ್ತು. ಹೆಣ್ಣಿನ ಅಪ್ಪ ಹೋಗುವಾಗ ಇವರ ಮನೆಯಲ್ಲಿ ಕೊಡೆ ಮರೆತುಬಿಟ್ಟ. ಶೀನಪ್ಪನವರು ಕೊಡೆಯನ್ನೂ ಜಾತಕವನ್ನೂ ಒಟ್ಟಿಗೆ ಕಟ್ಟಿ ವಾಪಸು ಕಳಿಸಿದರು. ವಸ್ತು ಕಳೆದುಕೊಳ್ಳುವ ಮನೆಯಿಂದ ಹೆಣ್ಣು ತರಬಾರದು ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತ ಗೊತ್ತಿದ್ದ ದಲ್ಲಾಳಿ ಹುಕ್ರಪ್ಪ ಅವರ ಮುಂದೆ ಹುಡುಗಿಯ ಬಣ್ಣ, ಎತ್ತರ, ಕೈರುಚಿಯ ಮಾತೆತ್ತಲೇ ಇಲ್ಲ. “ಹುಡುಗಿಯ ಅಪ್ಪ ಮೂವತ್ತೊಂದು ವರ್ಷದಿಂದ ಒಂದೇ ಪೀಶಕತ್ತಿ ಇಟ್ಟುಕೊಂಡಿದ್ದಾರೆ” ಎಂದ. ಶೀನಪ್ಪನವರು ಊಟದ ಎಲೆಯಿಂದ ತಲೆಯೆತ್ತಿ, “ಆ ಕತ್ತಿಯನ್ನು ನಾನು ನೋಡಬೇಕಲ್ಲ” ಎಂದರು.

ಹಾಗಾಗಿ ಬರುವವರು ನೋಡಲಿಕ್ಕಿದ್ದದ್ದು ಪೀಶಕತ್ತಿಯನ್ನು. ಮಗಳು ಪದ್ಮಾಕ್ಷಿ ಅದರ ಜತೆಗೆ.

“ನನ್ನ ಪೀಶಕತ್ತಿ ಕಂಡಿದ್ಯಾ?” ಎಂದು ಧರ್ಣಪ್ಪ ಅಡಿಗೆಮನೆಗೆ ಕೇಳಿದ.

“ನಿಮ್ಮ ಕಿಸೆ ನೀವೇ ನೋಡಿ. ನನಗೆ ಒಲೆ ಮೇಲೆ ಎರಡು ಪಾತ್ರೆ ಉಂಟು” ಎಂದಳು ಹೆಂಡತಿ ಸೇಸಮ್ಮ. ಆಮೇಲೆ ಮಾತು ತಲೆಗೆ ಹತ್ತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಇವತ್ತಾ? ನಿಮಗೆ ಕಳೀಲಿಕ್ಕೆ ಇವತ್ತೇ ಆಗ್ಬೇಕಿತ್ತಾ?”

ಬಾಗಿಲ ಬಳಿ ಜಡೆ ಹೆಣೆಯುತ್ತಿದ್ದ ಪದ್ಮಾಕ್ಷಿ ಮಾತಾಡಲಿಲ್ಲ. ಅವಳಿಗೆ ಇಪ್ಪತ್ತನಾಲ್ಕು. ಮೂರು ಸಂಬಂಧ ಬಂದು ಹೋಗಿದ್ದವು. ಮೂರರಲ್ಲೂ ಅವಳೇ ಒಂದೊಂದು ಕುಂದು ಹುಡುಕಿದ್ದಳು. ಈ ಮೇಷ್ಟ್ರನ್ನು ಸಿದ್ಧಕಟ್ಟೆಯಲ್ಲಿ ದೂರದಿಂದ ಕಂಡು ಬಂದ ಮೇಲೆ ಮಾತ್ರ ಏನೂ ಹೇಳಿರಲಿಲ್ಲ. ಅವಳು ಏನೂ ಹೇಳದಿದ್ದರೆ ಒಪ್ಪಿದಳು ಎಂದು ಅಪ್ಪನಿಗೆ ಗೊತ್ತು. ಮಗಳೆಂದರೆ ಅವನಿಗೆ ಜೀವ. ಚಪ್ಪಲಿ ಮೆಟ್ಟದೆಯೇ ಬಸ್ ಸ್ಟ್ಯಾಂಡಿಗೆ ಓಡಿದ.

ಮಜೀದ್ ಬ್ಯಾರಿ ಆಗಷ್ಟೇ ಅಂಗಡಿಯ ಹಲಗೆ ತೆಗೆಯುತ್ತಿದ್ದ.

“ಬ್ಯಾರಿಗಳೇ, ನಿನ್ನೆ ಸಂಜೆ ನನ್ನ ಪೀಶಕತ್ತಿ ತಕೊಂಡಿದ್ರಲ್ಲ, ಯಾರಿಗೆ ಕೊಟ್ರಿ?”

“ಕೊಡುವುದಾ? ಕತ್ತಿಯನ್ನಾ?” ಮಜೀದ್ ಬ್ಯಾರಿಗೆ ನೋವಾಯಿತು. “ನಾನು ಅಂಥವನಲ್ಲ ಧರ್ಣಪ್ಪಣ್ಣ. ಒಂದು ಹೊಲಿಗೆ ಬಿಚ್ಚಿದೆ, ಬೆಂಚಿನ ಮೇಲೆ ಇಟ್ಟೆ. ಹೂವಿನ ಪೂವಮ್ಮ ಎತ್ತಿಕೊಂಡಳು.”

ಪೂವಮ್ಮ ಬುಟ್ಟಿ ಇಳಿಸಿ ಮಲ್ಲಿಗೆಗೆ ನೀರು ಚಿಮುಕಿಸುತ್ತಿದ್ದಳು. “ಎತ್ತಿಕೊಂಡೆ, ಹೌದು. ಬಾಳೆನಾರು ಕೊಯ್ದೆ, ಬೆಂಚಿನ ಮೇಲೆ ಇಟ್ಟೆ. ಆಮೇಲೆ ಬದ್ರುದ್ದೀನ್ ಡ್ರೈವರ ಎತ್ತಿಕೊಂಡ. ಬಸ್ಸಿನ ಮೇಲೆ ಹಗ್ಗ ಗಂಟು ಬಿದ್ದಿತ್ತಂತೆ.”

“ಅವ ಎಲ್ಲಿ ಇಟ್ಟ?”

“ಕಿಸೆಯಲ್ಲಿ ಇಟ್ಟ.”

“ನೀನು ನೋಡಿ ಸುಮ್ಮನೆ ಕೂತ್ಯಾ?”

“ನಿಮ್ಮ ಕಿಸೆಯಲ್ಲಿ ಇಡುವಾಗಲೂ ಸುಮ್ಮನೇ ಕೂತುಕೊಳ್ಳುವುದು ನಾನು” ಎಂದಳು ಪೂವಮ್ಮ.

ಬದ್ರುದ್ದೀನನ ಬಸ್ಸು ಆರು ಗಂಟೆಗೇ ಕಕ್ಕಿಂಜೆಗೆ ಹೊರಟುಹೋಗಿತ್ತು. ಹಿಂದೆ ಬರುವುದು ಸಂಜೆ ಐದಕ್ಕೆ. ಎಂಟರ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ತುಕ್ರಪ್ಪನನ್ನು ಧರ್ಣಪ್ಪ ಮೆಟ್ಟಿಲ ಮೇಲೆಯೇ ಹಿಡಿದ.

“ತುಕ್ರಪ್ಪ, ಬದ್ರುದ್ದೀನ್ ಸಿಕ್ಕಿದ ಕೂಡಲೇ ಹೇಳು ಮಾರಾಯ. ನನ್ನ ಪೀಶಕತ್ತಿ ಬೇಗ ಮುಟ್ಟಬೇಕು. ನಾನು ಎಲ್ಲಿದ್ದರೂ ಸರಿ, ಯಾರ ಎದುರು ಇದ್ದರೂ ಸರಿ, ತಂದು ಮುಂದೆ ಇಡಬೇಕು.”

“ಆಯ್ತು ಧರ್ಣಪ್ಪಣ್ಣ. ಎಂತ, ಗಲಾಟೆಯಾ?”

“ಗಲಾಟೆ ಅಲ್ಲ, ಮದುವೆ.”

ತುಕ್ರಪ್ಪ ಮಾತಿಗೆ ತಪ್ಪುವವನಲ್ಲ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಹನ್ನೊಂದರ ಬಸ್ಸಿನಲ್ಲಿ ವೇಣೂರಿನಿಂದ ಬಂದಿಳಿದ ಒಬ್ಬರು ಧರ್ಣಪ್ಪನ ಹೆಗಲು ಹಿಡಿದು, “ಮದುವೆ ವಿಷಯದಲ್ಲಿ ಕತ್ತಿಗೆ ಕೈ ಹಾಕಬಾರದು, ಕೂತು ಮಾತಾಡುವ” ಎಂದು ಸಮಾಧಾನ ಹೇಳಿದರು. ಇನ್ನೊಬ್ಬರು ಯಾವ ಆಸ್ಪತ್ರೆಗೆ ಹಾಕಿದ್ದೀರಿ ಎಂದು ವಿಚಾರಿಸಿದರು. ಧರ್ಣಪ್ಪ ಇಬ್ಬರಿಗೂ ಬಸ್ಸಿನ ಟೈಮು ಹೇಳಿ ಕಳಿಸಿದ.

ಹನ್ನೆರಡಕ್ಕೆ ಹೊಸ ಶಾಲು ಹೊದ್ದು ಹುಕ್ರಪ್ಪ ಬಂದ. ವಿಷಯ ಕೇಳಿ ಬೆಂಚಿನ ಮೇಲೆ ಕುಸಿದು ಕೂತ.

“ನಾನು ಅವರಿಗೆ ಹೇಳಿದ್ದೇ ಪೀಶಕತ್ತಿ ವಿಷಯ ಮಾರಾಯ್ರೆ! ಹುಡುಗಿ ವಿಷಯ ಎರಡು ಮಾತು ಹೇಳಿರಬಹುದು. ಈಗ ಎಂತ ತೋರಿಸುವುದು? ಹುಡುಗಿಯನ್ನಾ?”

ಮಧ್ಯಾಹ್ನದ ಬಿಸಿಲಿಗೆ ಬೆಂಚಿನ ಸುತ್ತ ಸಭೆ ಸೇರಿತು. ಪೂವಮ್ಮ, ಕತ್ತಿಯನ್ನು ಧರ್ಮಸ್ಥಳಕ್ಕೆ ಹರಕೆ ಒಪ್ಪಿಸಿದೆವು ಎನ್ನಿ, ಯಾರೂ ಎದುರು ಮಾತಾಡುವುದಿಲ್ಲ ಎಂದಳು. ಹುಕ್ರಪ್ಪ, ಧರ್ಣಪ್ಪಣ್ಣನಿಗೇ ಜ್ವರ ಬರಲಿ ಎಂದ. ಕೊನೆಗೆ ಮಜೀದ್ ಬ್ಯಾರಿ ಬಾಯಿಯಿಂದ ದಾರ ತೆಗೆದು, “ಬಂಟ್ವಾಳದವರು ನಿಮ್ಮ ಕತ್ತಿ ಹಿಂದೆ ನೋಡಿದ್ದುಂಟಾ?” ಎಂದು ಕೇಳಿದ.

“ಇಲ್ಲ.”

“ಹಾಗಾದ್ರೆ ಎಂತ ಕಷ್ಟ? ಹಳೇದು ಒಂದು ಬೇಕು, ಅಷ್ಟೇ ಅಲ್ವಾ?”

ಧರ್ಣಪ್ಪ ಸುಳ್ಳು ಹೇಳುವವನಲ್ಲ. ಬಸ್ಸು ಇನ್ನು ಐದು ನಿಮಿಷದಲ್ಲಿ ಬರುತ್ತದೆ ಎನ್ನುವುದೊಂದನ್ನು ಬಿಟ್ಟರೆ ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಮನಸ್ಸು ಒಪ್ಪಲಿಲ್ಲ. ಆದರೆ ಬಾಗಿಲ ಬಳಿ ಮಾತಾಡದೆ ನಿಂತಿದ್ದ ಮಗಳ ಮುಖ ನೆನಪಾಗಿ ಕಾಲು ಒಪ್ಪಿತು.

ಪೇಟೆಯ ತಿರುವಿನಲ್ಲಿ ಸಾಣೆ ಹಿಡಿಯುವ ಮೂಸಬ್ಬ ಕೂರುತ್ತಿದ್ದ. ಸಾಣೆಗೆ ಕೊಟ್ಟು ಮರೆತುಹೋದವರ ಕತ್ತಿ, ಕತ್ತರಿಗಳೆಲ್ಲ ಅವನ ತಗಡಿನ ಪೆಟ್ಟಿಗೆಯಲ್ಲಿದ್ದವು. ಒಂದನ್ನೂ ಅವನು ಮಾರಿದವನಲ್ಲ. ಯಜಮಾನರು ಬಂದರೆ ಕೊಡಬೇಕಲ್ಲ ಎಂದು ವರ್ಷಕ್ಕೊಮ್ಮೆ ಎಣ್ಣೆ ಸವರಿ ಇಡುತ್ತಿದ್ದ. ಪೆಟ್ಟಿಗೆಯ ಅಡಿಯಲ್ಲಿ ಒಂದು ಪೀಶಕತ್ತಿ ಸಿಕ್ಕಿತು. ಕೋಡಿನ ಹಿಡಿ, ಹಿತ್ತಾಳೆಯ ಪಟ್ಟಿ, ಬೆರಳುದ್ದದ ಅಲಗು. ಧರ್ಣಪ್ಪನ ಕತ್ತಿಗೆ ಒಡಹುಟ್ಟಿದಂತಿತ್ತು.

“ನನ್ನ ಬಾಪನ ಕಾಲದಲ್ಲಿ ಯಾರೋ ಸಾಣೆಗೆ ಕೊಟ್ಟು ಹೋದದ್ದು” ಎಂದ ಮೂಸಬ್ಬ. “ಸಂಜೆ ತಂದು ಪೆಟ್ಟಿಗೆಯಲ್ಲಿ ಇಡಿ. ಅವ ಬಂದ್ರೆ ನಾನು ಎಂತ ಹೇಳಲಿ?”

ಧರ್ಣಪ್ಪ ಅದನ್ನು ಬಲಗಿಸೆಗೆ ಹಾಕಿದ. ಕಿಸೆಗೆ ವ್ಯತ್ಯಾಸ ತಿಳಿಯಲಿಲ್ಲ. ಮನೆಯಲ್ಲಿ ಅದನ್ನು ಕಂಡ ಪದ್ಮಾಕ್ಷಿಗೆ ಮಾತ್ರ ಕೂಡಲೇ ತಿಳಿಯಿತು.

“ಅಪ್ಪಾ, ಇದು ಬೇಡ. ಕಳೆದುಹೋಗಿದೆ ಅಂತಲೇ ಹೇಳುವ.”

“ಹೇಳಿದ್ರೆ ಎದ್ದು ಹೋಗ್ತಾರೆ ಮಗಾ.”

“ಹೋಗ್ಲಿ” ಎಂದಳು. ಆದರೆ ಸ್ವಲ್ಪ ತಡಮಾಡಿ ಎಂದಳು. ಆ ತಡ ಅಪ್ಪನ ಎದೆಗೆ ತಾಗಿತು.

ಮೂರು ಗಂಟೆಯ ಬಂಟ್ವಾಳ ಬಸ್ಸು, ಎಂದೂ ಇಲ್ಲದ್ದು, ಅಂದು ಮೂರಕ್ಕೇ ಬಂತು. ಶೀನಪ್ಪನವರು ಒಬ್ಬರೇ ಇಳಿದರು. ಅರುವತ್ತರ ಆಸುಪಾಸು, ತೆಳ್ಳಗಿನ ಆಸಾಮಿ. ಕೊಡೆಯ ಕಾವಿನ ಮೇಲೆ ಹೆಸರು, ಚೀಲದ ಮೇಲೆ ಹೆಸರು, ಚಪ್ಪಲಿಯ ಅಟ್ಟೆಯ ಕೆಳಗೆ ಕೂಡ ಹೆಸರು ಬರೆಸಿಕೊಂಡಿದ್ದರು. ಚಾವಡಿಯಲ್ಲಿ ಚಾಪೆಯ ಮೇಲೆ ಕೂತು ಬೆಲ್ಲ ನೀರು ಕುಡಿದರು. ಪದ್ಮಾಕ್ಷಿ ಕಾಫಿ ತಂದಿಟ್ಟಳು. ಅವಳನ್ನು ಒಮ್ಮೆ ನೋಡಿ, “ಒಳ್ಳೆ ಹುಡುಗಿ” ಎಂದರು. ಅಲ್ಲಿಗೆ ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು.

“ಇನ್ನು ಅದನ್ನು ನೋಡುವ.”

ಧರ್ಣಪ್ಪ ಪೀಶಕತ್ತಿಯನ್ನು ಚಾಪೆಯ ಮೇಲೆ ಇಟ್ಟ. ಶೀನಪ್ಪನವರು ಎತ್ತಿಕೊಂಡರು. ಉಗುರು ಸಿಕ್ಕಿಸಿ ಅಲಗು ಬಿಡಿಸಿದರು, ಮಡಚಿದರು, ಮತ್ತೆ ಬಿಡಿಸಿದರು. ಮಾತಿಲ್ಲ. ಆ ಮೌನ ತಡೆಯಲಾರದೆ ಧರ್ಣಪ್ಪ ಬಾಯಿ ತೆರೆದ, ತೆರೆದ ಬಾಯಿ ಮುಚ್ಚಲಿಲ್ಲ.

“ಮೂವತ್ತನೇ ಇಸವಿಯಲ್ಲಿ ತಕೊಂಡದ್ದು. ಅಂದಿನಿಂದ ಒಂದು ದಿವಸ ಈ ಕಿಸೆ ಬಿಟ್ಟದ್ದಿಲ್ಲ. ಬೇರೆಯವರ ಕೈಗೆ ಹೋದದ್ದಿಲ್ಲ. ಸಾಣೆಗೆ ಕೂಡ ನಾನು ಪಕ್ಕದಲ್ಲೇ ನಿಂತು ಹಿಡಿಸಿದ್ದು.”

“ಮೂವತ್ತರಿಂದ?”

“ಮೂವತ್ತರಿಂದ.”

“ಇದೇ ಕತ್ತಿ?”

“ಇದೇ. ಬೇಕಾದ್ರೆ ಪೊಳಲಿ ಅಮ್ಮನ ಆಣೆ ಹಾಕ್ತೇನೆ” ಎಂದ ಧರ್ಣಪ್ಪ. ಬಾಗಿಲ ಹಿಂದಿನಿಂದ ಪದ್ಮಾಕ್ಷಿ ಕೆಮ್ಮಿದಳು.

ಶೀನಪ್ಪನವರು ಕನ್ನಡಕ ಹಾಕಿ ಹಿತ್ತಾಳೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಎಣ್ಣೆಯ ಜಿಡ್ಡು ಹೋಗಿ ಸೂಜಿಯಲ್ಲಿ ಕೊರೆದ ಎರಡಕ್ಷರ ಕಂಡಿತು: ‘ಶೀನ’.

“ಪೊಳಲಿ ಅಂತ ನೀವೇ ಹೇಳಿದ್ದು ಒಳ್ಳೇದಾಯ್ತು” ಎಂದರು ಅವರು ನಿಧಾನವಾಗಿ. “ಮೂವತ್ತನಾಲ್ಕನೇ ಇಸವಿ, ಪೊಳಲಿ ಕಡವಿನ ದೋಣಿ. ಒಬ್ಬ ಮುಳ್ಳುಸೌತೆ ಕೊಯ್ಯಲಿಕ್ಕೆ ಪೀಶಕತ್ತಿ ಕೇಳಿದ. ಕೈಯಲ್ಲಿ ಕೊಡಬಾರದಲ್ಲ, ದೋಣಿಯ ಹಲಗೆ ಮೇಲೆ ಇಟ್ಟೆ. ಅವ ಎತ್ತಿಕೊಂಡ. ದಡ ಬಂತು, ಜನ ನುಗ್ಗಿದರು, ಆಸಾಮಿ ಮಾಯ. ಮೋರೆ ಸರಿಯಾಗಿ ನೋಡಿರಲಿಲ್ಲ. ಇಪ್ಪತ್ತೇಳು ವರ್ಷ ಆಯ್ತು, ಬಸ್ಸಲ್ಲಿ ಕೂತರೂ ಎದುರಿನವರ ಕಿಸೆ ನೋಡ್ತೇನೆ. ಆಮೇಲೆಯೇ ನಾನು ಚಪ್ಪಲಿಗೂ ಹೆಸರು ಬರೆಸಿದ್ದು.”

ಪಕ್ಕದಲ್ಲಿ ಕೂತಿದ್ದ ಹುಕ್ರಪ್ಪನ ಹೊಸ ಶಾಲು ಜಾರಿ ಕಾಫಿಗೆ ಬಿತ್ತು. ಯಾರೂ ಎತ್ತಲಿಲ್ಲ.

“ಮೂವತ್ತರಿಂದ ಇದು ನಿಮ್ಮ ಕಿಸೆಯಲ್ಲಿದ್ದರೆ, ಮೂವತ್ತನಾಲ್ಕರವರೆಗೆ ನಾನು ಅಡಿಕೆ ಕೆತ್ತಿದ್ದು ಯಾವುದರಲ್ಲಿ, ಹೇಳಿ?”

ಧರ್ಣಪ್ಪ ಯೋಚಿಸಿದ. ಈ ಕತ್ತಿ ನನ್ನದು ಎಂದರೆ ಕಳ್ಳನಾಗುತ್ತಾನೆ. ನನ್ನದಲ್ಲ ಎಂದರೆ ಪೊಳಲಿ ಅಮ್ಮನ ಹೆಸರೆತ್ತಿ ಸುಳ್ಳು ಹೇಳಿದವನಾಗುತ್ತಾನೆ. ಕಳ್ಳನ ಮನೆಯಿಂದಲೂ ಸುಳ್ಳನ ಮನೆಯಿಂದಲೂ ಶೀನಪ್ಪನವರು ಹೆಣ್ಣು ತರುವವರಲ್ಲ. ಮೂಸಬ್ಬನನ್ನು ಕರೆಸಿ ಹೇಳಿಸಿದರೆ ಕಳ್ಳತನದ ಹೆಸರಾದರೂ ಹೋದೀತು. ಮಗಳಿಗಾಗಿ ಸುಳ್ಳನಾದರೆ ಆದೇನು, ಕಾಲು ಹಿಡಿದು ನಿಜ ಹೇಳಿಬಿಡುತ್ತೇನೆ ಎಂದು ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಂಗಳದಾಚೆ ಒಂದು ಬಸ್ಸು ಹಾರನ್ ಹೊಡೆದು ನಿಂತಿತು.

ಬೆವರು ಸುರಿಸುತ್ತ ಮೆಟ್ಟಿಲು ಹತ್ತಿ ಬಂದವನು ಬದ್ರುದ್ದೀನ್. ಬೆಳ್ತಂಗಡಿಯಲ್ಲಿ ತುಕ್ರಪ್ಪ ಹೇಳಿದ ಮಾತು ಕೇಳಿ, ಯಾವ ಸ್ಟಾಪಿನಲ್ಲೂ ಜನ ಹತ್ತಿಸದೆ ಖಾಲಿ ಬಸ್ಸು ಓಡಿಸಿಕೊಂಡು ಒಂದು ಗಂಟೆ ಮೊದಲೇ ಬಂದಿದ್ದ. ಚಾವಡಿಯಲ್ಲಿ ಯಾರಿದ್ದಾರೆಂದೂ ಅವನು ನೋಡಲಿಲ್ಲ. ಯಾರ ಎದುರಾದರೂ ಸರಿ ಎಂದು ಅಪ್ಪಣೆಯಾಗಿತ್ತಲ್ಲ.

“ತಪ್ಪಾಯ್ತು ಧರ್ಣಪ್ಪಣ್ಣ! ನಿನ್ನೆ ಬೆಂಚಿಂದ ಎತ್ತಿಕೊಂಡವ ಹಾಗೇ ಕಿಸೆಗೆ ಹಾಕಿದ್ದು. ಇಕೊಳ್ಳಿ ನಿಮ್ಮ ಪೀಶಕತ್ತಿ” ಎಂದು, ಕೈಯಲ್ಲಿ ಕೊಡದೆ ಕ್ರಮಪ್ರಕಾರ ಚಾಪೆಯ ಮೇಲೆ ಇಟ್ಟ.

ಕೋಡಿನ ಹಿಡಿ, ಹಿತ್ತಾಳೆಯ ಪಟ್ಟಿ, ಬೆರಳುದ್ದದ ಅಲಗು. ಶೀನಪ್ಪನವರು ತಮ್ಮ ಕೈಯಲ್ಲಿದ್ದುದನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಕೊಡೆ, ಚೀಲ, ಕನ್ನಡಕ ಎಲ್ಲ ಉಂಟೆಂದು ಒಮ್ಮೆ ಮುಟ್ಟಿ ನೋಡಿ ಎದ್ದು ನಿಂತರು. ಚಪ್ಪಲಿ ಮೆಟ್ಟಿದ ಮೇಲೆ ಚಾಪೆಯ ಕಡೆ ತಿರುಗಿ ಕೇಳಿದರು:

“ಇದನ್ನು ಯಾವ ಕಡವಿನಲ್ಲಿ ಎತ್ತಿದ್ದು?”